ನನ್ನದೇ ಒಂದು ಗಾಳಿಸುದ್ದಿ

ಐವತ್ತೆರಡು ವರ್ಷ ನಾನು ಮರ್ಯಾದಸ್ಥ ಹೆಂಗಸಾಗಿ ಬದುಕಿದೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳೆಂದರೆ ನಾಲ್ಕು ಜನರ ನಡುವೆ ಒಂದು ತೂಕ ಇರುತ್ತದೆ. ತರಗತಿಯ ಕೊನೆಯ ಬೆಂಚಿನಿಂದ ಅನುಮಾನದ ಸದ್ದೊಂದು ಬಂದು ಮಕ್ಕಳೆಲ್ಲ ಮೂಗು ಹಿಡಿದು ನಗತೊಡಗಿದರೆ, ನಾನು ಏನೂ ಕೇಳಿಸದವಳಂತೆ ಬೋರ್ಡಿನ ಕಡೆ ತಿರುಗಿ ಮೌರ್ಯರ ಆಡಳಿತವನ್ನು ಬರೆಯುತ್ತಿದ್ದೆ. ಆ ಸದ್ದಿಗೆ ಕನ್ನಡದಲ್ಲಿರುವ ಎರಡಕ್ಷರದ ಹೆಸರನ್ನು ಬಾಯಿಬಿಟ್ಟು ಹೇಳಿದವಳೇ ಅಲ್ಲ. ಅಂಥ ನಾನು ಹೋದ ವರ್ಷ ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ, ಗಂಡ, ಗೆಳತಿಯರು, ಹೆಡ್ಮಾಸ್ತರು ಮತ್ತು ಇಡೀ ಹೆಣ್ಣುಮಕ್ಕಳ ವಾರ್ಡಿನ ಸಮಕ್ಷಮದಲ್ಲಿ, ಮೂರು ದಿನ ಆ ಎರಡಕ್ಷರಕ್ಕಾಗಿಯೇ ಕಾದು ಮಲಗಿದ್ದೆ.

ಸ್ವಲ್ಪ ಹಿಂದಿನಿಂದ ಹೇಳಿದರೆ ಚೆನ್ನ. ನನ್ನ ಮನೆ ಸುರಪುರದ ಪಕ್ಕದ ರಂಗಂಪೇಟೆಯಲ್ಲಿ. ಗಂಡ ಚನ್ನಬಸಪ್ಪನವರಿಗೆ ಅಲ್ಲೇ ಬಟ್ಟೆ ಅಂಗಡಿ. ನನ್ನ ಶಾಲೆ ಇರುವುದು ಶಹಾಪುರದಲ್ಲಿ. ಹದಿನೇಳು ವರ್ಷಗಳಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಬಸ್ಸಿನಿಂದ ಇಳಿಯುವ ಜೀವ ನನ್ನದು. ಜೊತೆಗೆ ಇಬ್ಬರು. ಒಬ್ಬಳು ಶಹನಾಜ್, ಉರ್ದು ಪ್ರಾಥಮಿಕ ಶಾಲೆಯ ಟೀಚರ್; ಬಸ್ಸಿನ ಇಂಜಿನ್ ನಿಂತರೂ ಆಕೆಯ ಮಾತು ನಿಲ್ಲುವುದಿಲ್ಲ. ಇನ್ನೊಬ್ಬಳು ಗಂಗಮ್ಮ, ತಹಶೀಲ್ದಾರ್ ಕಚೇರಿಯಲ್ಲಿ ಗುಮಾಸ್ತೆ. ಆಕೆ ದಿನಕ್ಕೆ ಆಡುವುದು ಹತ್ತು ಮಾತು, ಅದರಲ್ಲಿ ಒಂಬತ್ತು ಯಾರಿಗಾದರೂ ಚುಚ್ಚುವಂಥವು. ನಮ್ಮ ಗೆಳೆತನ ಮೂವರಿಗೇ ನಿಂತದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಬಸ್ಸಿನಲ್ಲಿ ನಾವು ಕೂರುವ ಬದಿಯ ಸೀಟು ಮೂರು ಜನರದು.

ನನ್ನ ಹೊಟ್ಟೆ ಉಬ್ಬಲು ಶುರುವಾದಾಗ ನಾನು ಅದನ್ನು ಗ್ಯಾಸ್ ಎಂದುಕೊಂಡೆ. ಈ ದೇಶದಲ್ಲಿ ಕುತ್ತಿಗೆಯಿಂದ ಕೆಳಗೆ, ತೊಡೆಯಿಂದ ಮೇಲೆ ಏನಾದರೂ ಅದು ಗ್ಯಾಸ್. ಆರು ತಿಂಗಳು ಅಜವಾನ ಅಗಿದೆ, ಜೀರಿಗೆ ನೀರು ಕುಡಿದೆ, ಮಜ್ಜಿಗೆಗೆ ಇಂಗು ಕಲಸಿಕೊಂಡೆ. ಸಹೋದ್ಯೋಗಿಗಳು ಹೇಳಿದ ಒಂದೂ ಔಷಧ ಬಿಡಲಿಲ್ಲ. ಹೇಳದೆ ಬಿಟ್ಟದ್ದನ್ನು ನಾನೇ ಹುಡುಕಿದೆ. ಹೊಟ್ಟೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತ ಹೋಯಿತು. ಒಂದು ಬೆಳಿಗ್ಗೆ ಸೀಟಿನಲ್ಲಿ ಮೂವರೂ ಹಿಡಿಸದೆ ಗಂಗಮ್ಮ ಅರ್ಧ ಹೊರಗೆ ಜೋತುಬಿದ್ದಳು.

"ಮಾದೇವಿ, ಇದು ಊಟದ ಹೊಟ್ಟಿ ಅಲ್ಲ," ಅಂದಳು. ಆ ದಿನದ ಹತ್ತನೆಯ ಮಾತು ಅದೇ ಇರಬೇಕು. ಅದರಲ್ಲಿ ಚುಚ್ಚು ಇರಲಿಲ್ಲ.

ಶಹನಾಜ್ ಶಹಾಪುರದಲ್ಲಿ ಇಳಿದವಳೇ ನನ್ನ ಕೈ ಹಿಡಿದು ಶಾಲೆಯ ಕಡೆಗಲ್ಲ, ಸ್ಕ್ಯಾನಿಂಗ್ ಸೆಂಟರಿನ ಕಡೆಗೆ ಎಳೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಯಂತ್ರ ಓಡಿಸುತ್ತ ಮೊದಲು ಬಸ್ಸಿನ ಬಗ್ಗೆ ಮಾತಾಡುತ್ತಿದ್ದರು. ಆಮೇಲೆ ಮಾತು ನಿಲ್ಲಿಸಿದರು. ಡಾಕ್ಟರು ಮಾತು ನಿಲ್ಲಿಸಿದಾಗ ರೋಗಿಗೆ ಎಲ್ಲ ತಿಳಿಯುತ್ತದೆ. ಅಂಡಾಶಯದಲ್ಲಿ ಗಡ್ಡೆ ಇತ್ತು, ಸುಲಿದ ತೆಂಗಿನಕಾಯಿಯಷ್ಟು.

ಯಾದಗಿರಿಯ ಡಾಕ್ಟರಮ್ಮ ನೇರ ಮಾತಿನವರು. "ಗಡ್ಡಿ ತಗೀಬೇಕ್ರಿ. ಅದರ ಜೋಡಿ ಗರ್ಭಚೀಲಾನೂ ತಗೀಬೇಕು. ತಗದ ಮ್ಯಾಲ ಪರೀಕ್ಷೆಗೆ ಕಳಸ್ತೀವಿ. ಅದು ಎಂಥಾದ್ದು ಅಂತ ಅಲ್ಲೀತನಕ ನಾನೂ ಹೇಳಂಗಿಲ್ಲ, ನೀವೂ ಕೇಳಬ್ಯಾಡ್ರಿ," ಅಂದರು. ನಾವು ಕೇಳಲಿಲ್ಲ. ಮನೆಯಲ್ಲೂ ಬಸ್ಸಿನಲ್ಲೂ ಆ ರೋಗದ ಹೆಸರನ್ನು ಯಾರೂ ಎತ್ತಲಿಲ್ಲ. ರಾಯಚೂರಿನಲ್ಲಿದ್ದ ಮಗಳು ಐದು ತಿಂಗಳ ಬಸುರಿ. ಆಕೆಗೆ, "ಸಣ್ಣ ಆಪರೇಷನ್ ಅವ್ವಾ, ಹಲ್ಲು ಕೀಳಿಸಿದಂಗ," ಎಂದು ಫೋನಿನಲ್ಲಿ ಸುಳ್ಳು ಹೇಳಿದೆ. ಮೊಮ್ಮಗುವಿನ ಮುಖ ನೋಡುತ್ತೇನೋ ಇಲ್ಲವೋ ಎಂಬ ಯೋಚನೆ ಬಂದಾಗಲೆಲ್ಲ ಎದ್ದು ಪಾತ್ರೆ ತೊಳೆಯುತ್ತಿದ್ದೆ. ಆ ಹದಿನೈದು ದಿನ ನಮ್ಮ ಮನೆಯ ಪಾತ್ರೆಗಳು ಹೊಳೆದಷ್ಟು ಮತ್ತೆಂದೂ ಹೊಳೆಯಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ಗೆಳತಿಯರಿಬ್ಬರೂ ಆಸ್ಪತ್ರೆಗೆ ಬಂದರು. ನರ್ಸ್ ಬಂದು, "ಬೆಳಿಗ್ಗಿ ಥಿಯೇಟರಿಗೆ ಹೋಗೂಮುಂದ ಎರಡು ಜಡಿ ಹಾಕಿರಬೇಕ್ರಿ," ಅಂದು ಹೋದಳು. ಐವತ್ತೆರಡನೆಯ ವಯಸ್ಸಿನಲ್ಲಿ ಎರಡು ಜಡೆ. ಬಲಗಡೆಯದನ್ನು ಗಂಗಮ್ಮ ಹೆಣೆದಳು, ಎಡಗಡೆಯದನ್ನು ಶಹನಾಜ್. ಗಂಗಮ್ಮನದು ಕಚೇರಿಯ ಫೈಲಿನ ದಾರದಂತೆ ಸಡಿಲ. ಶಹನಾಜಳದು ಎಷ್ಟು ಬಿಗಿಯೆಂದರೆ ನನ್ನ ಎಡಹುಬ್ಬು ಮೇಲಕ್ಕೆದ್ದಿತು. ಬಿಗಿ ಕಡಿಮೆ ಮಾಡು ಎನ್ನಲು ತಿರುಗಿ ನೋಡಿದರೆ, ಹದಿನೇಳು ವರ್ಷದಲ್ಲಿ ಮೊದಲ ಸಲ ಆಕೆ ಬಾಯಿ ಮುಚ್ಚಿಕೊಂಡಿದ್ದಳು. ತುಟಿ ಒಳಗೆ ಕಚ್ಚಿ ಹಿಡಿದಿದ್ದಳು. ನಾನು ಜಡೆಯನ್ನು ಮತ್ತೆ ಆಕೆಯ ಕೈಗೇ ಬಿಟ್ಟು ತಿರುಗಿ ಕೂತೆ. ಹುಬ್ಬು ಬೆಳಗಿನವರೆಗೂ ಮೇಲೇ ಇತ್ತು.

ಬೆಳಿಗ್ಗೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನನ್ನ ಹೆಸರು 'ಮಹದೇವಿ' ಎಂದಿತ್ತು. ಕೈಚೀಲದಿಂದ ಕೆಂಪು ಪೆನ್ನು ತೆಗೆದು ಹಕಾರಕ್ಕೆ ದೀರ್ಘ ಹಾಕಿದೆ. ನರ್ಸ್ ನಕ್ಕಳು. ಈ ಲೋಕ ಬಿಟ್ಟು ಹೋಗುವುದೇ ಆದರೆ ಕಾಗುಣಿತ ಸರಿಯಿಟ್ಟು ಹೋಗೋಣವೆಂದು ನನ್ನ ವಿಚಾರ.

ಎಚ್ಚರವಾದಾಗ ಬಾಯಾರಿಕೆ. ನಮ್ಮ ಬಿಸಿಲಿನ ಬಾಯಾರಿಕೆ ನನಗೆ ಗೊತ್ತು; ಇದು ಅದಲ್ಲ. ನಾಲಿಗೆ ಯಾರದೋ ಚಪ್ಪಲಿಯಂತಿತ್ತು. ನೀರು ಕೇಳಿದರೆ ಹತ್ತಿಯಲ್ಲಿ ತುಟಿ ಒದ್ದೆ ಮಾಡಿ, "ಈಗ ಬ್ಯಾಡ್ರಿ," ಎಂದರು. ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಬಂದು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು.

"ಗಾಳಿ ಹೋತೇನ್ರಿ ಟೀಚರ್?"

ನಾನು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದೆ. "ಇಲ್ರಿ ಮೇಡಂ, ಚೊಲೊ ಬರಾಕತ್ತದ," ಅಂದೆ.

ನರ್ಸ್ ಬಾಗಿ ಕಿವಿಯಲ್ಲಿ ಬಿಡಿಸಿ ಹೇಳಿದಳು. ಹೊಟ್ಟೆ ಕೊಯ್ದಾಗ ಕರುಳು ಹೆದರಿ ಸುಮ್ಮನಾಗುತ್ತದಂತೆ. ಅದು ಮತ್ತೆ ಕೆಲಸಕ್ಕೆ ಹಾಜರಾಗಿದೆ ಎಂಬುದಕ್ಕೆ ಮೊದಲ ರುಜು ಅದೇ. ಅದು ಬರುವವರೆಗೆ ಒಂದು ಗುಟುಕು ನೀರೂ ಇಲ್ಲ. ಆರು ತಿಂಗಳು ಇಲ್ಲದ ಗ್ಯಾಸಿಗೆ ಔಷಧ ತಿಂದವಳಿಗೆ, ಬೇಕಾದಾಗ ಒಂದು ತೊಟ್ಟು ಗ್ಯಾಸ್ ಇರಲಿಲ್ಲ.

ಆ ಹೊತ್ತಿನಿಂದ ನನ್ನ ಯೋಗಕ್ಷೇಮವೆಲ್ಲ ಒಂದೇ ಪ್ರಶ್ನೆಗೆ ಇಳಿಯಿತು. ಕಸ ಗುಡಿಸುವಾಕೆ ಕೇಳಿದಳು. ಬಿ.ಪಿ. ನೋಡುವಾಕೆ ಕೇಳಿದಳು. ನನ್ನ ಗಂಡ ಮಾತು ಕಡಿಮೆಯ, ಸಂಕೋಚದ ಮನುಷ್ಯ. ಅವರು ಬಾಗಿಲಲ್ಲಿ ನಿಂತು ಹುಬ್ಬು ಎತ್ತಿ ಕೇಳುತ್ತಿದ್ದರು, ನಾನು ತಲೆ ಅಲ್ಲಾಡಿಸುತ್ತಿದ್ದೆ. ಮೂವತ್ತು ವರ್ಷದ ದಾಂಪತ್ಯದಲ್ಲಿ ನಾವು ಇಷ್ಟು ಆಪ್ತವಾದ ವಿಷಯವನ್ನು ಇಷ್ಟು ಸಲ ಚರ್ಚಿಸಿದ್ದಿಲ್ಲ. ಮಧ್ಯಾಹ್ನ ನಮ್ಮ ಹೆಡ್ಮಾಸ್ತರು ಸೇಬುಹಣ್ಣು ಹಿಡಿದು ಬಂದರು. ಬಹಳ ಗಂಭೀರ ಮನುಷ್ಯರು. ತಬೀಯತ್ ಹೇಗಿದೆ ಎಂದು ಗಂಡನನ್ನು ಕೇಳಿದರು.

"ಎಲ್ಲಾ ಚೊಲೊ ಅದರಿ ಸರ್. ಗಾಳಿ ಒಂದು ಹೋಗಬೇಕ್ರಿ," ಅಂದುಬಿಟ್ಟರು ನನ್ನ ಗಂಡ.

ನಾನು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡೆ. ಹೆಡ್ಮಾಸ್ತರು ಹತ್ತನೇ ತರಗತಿಯ ಫಲಿತಾಂಶದ ಬಗ್ಗೆ ಮಾತಾಡುವ ದನಿಯಲ್ಲಿ, "ಹೋಗ್ತದ್ರಿ. ಪ್ರಯತ್ನ ಬಿಡಬಾರದು," ಅಂದರು.

ಮಲಗಿದವಳಿಗೆ ಯೋಚನೆಯಲ್ಲದೆ ಬೇರೆ ಉದ್ಯೋಗವಿರಲಿಲ್ಲ. ನಮ್ಮ ಹಿರಿಯರು ದೇಹದಲ್ಲಿ ಐದು ವಾಯುಗಳಿವೆ ಎಂದರು: ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ. ಪ್ರಾಣದ ಬೆನ್ನಿಗೇ ಅಪಾನವನ್ನು ಇಟ್ಟಿದ್ದಾರೆ. ಯೋಗ್ಯತೆ ನೋಡಿಯೇ ಇಟ್ಟಿರಬೇಕು. ಆದರೆ ಕೆಳಮುಖವಾಗಿ ಹೋಗುವ ಆ ಪಾಪದ ವಾಯುವಿಗೆ ಲೋಕ ನ್ಯಾಯ ಮಾಡಲಿಲ್ಲ. ಪ್ರೀತಿಸಿದವರನ್ನು 'ನನ್ನ ಪ್ರಾಣವೇ' ಎಂದು ಕರೆಯುತ್ತೇವೆ. 'ನನ್ನ ಅಪಾನವೇ' ಎಂದು ಯಾರೂ ಯಾರನ್ನೂ ಕರೆದದ್ದು ನಾನು ಕೇಳಿಲ್ಲ. ಗಾಳಿಗೋಪುರ, ಗಾಳಿಮಾತು, ಗಾಳಿಸುದ್ದಿ ಎಂದು ಕನ್ನಡದವರು ಗಾಳಿಯನ್ನು ಸುಳ್ಳಿಗೇ ಕಟ್ಟಿಹಾಕಿದ್ದೇವೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಎಂಬ ಗಾದೆಯೊಂದು ಪರವಾಗಿಲ್ಲ. ಆದರೆ ಬರದಿದ್ದರೆ ಏನು ಮಾಡಬೇಕೆಂದು ಆ ಗಾದೆ ಕಟ್ಟಿದವನೂ ಹೇಳಿಲ್ಲ.

ಪಕ್ಕದ ಹಾಸಿಗೆಯಲ್ಲಿ ಮಲ್ಲಮ್ಮ ಎಂಬ ಮುದುಕಿ ಇದ್ದಳು, ತಿಂಥಣಿಯ ಕಡೆಯವಳು. ಆಕೆಗೂ ಹೊಟ್ಟೆಯದೇ ಆಪರೇಷನ್; ಆದರೆ ನನಗಿಂತ ಎರಡು ದಿನ ಹಿರಿಯಳು, ಆಗಲೇ ಗಂಜಿ ಕುಡಿಯುತ್ತಿದ್ದಳು. ನನ್ನ ಸಂಕಟ ನೋಡಿ ಕೈಮುಗಿದು, "ಮೌನೇಶಪ್ಪಾ, ಈ ಟೀಚರಮ್ಮನ ಗಾಳಿ ಬಿಡಸೋ ತಂದಿ. ನಿನಗೊಂದು ಕಾಯಿ ಒಡಸ್ತೀನಿ," ಎಂದು ಗಟ್ಟಿಯಾಗಿ ಹರಕೆ ಹೊತ್ತಳು. ಆಕೆಯನ್ನು ನೋಡಲು ಬಂದಿದ್ದ ಹೆಂಗಸೊಬ್ಬಳು ನನ್ನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಳು. ನಮ್ಮ ಕಡೆ ಗಾಳಿ ಬಿಡಿಸುವುದೆಂದರೆ ಮೈಮೇಲೆ ಬಂದ ದೆವ್ವ ಬಿಡಿಸುವುದು. "ಪಾಪ, ಓದಿದ ಹೆಣ್ಮಗಳು. ಎಲ್ಲಿ ಹೊಕ್ಕಿತೋ," ಎಂದು ಆಕೆ ಮರುಗಿದ್ದು ನನಗೆ ಕೇಳಿಸಿತು. ತಿದ್ದುವಷ್ಟು ಶಕ್ತಿ ಇರಲಿಲ್ಲ. ತಿದ್ದಿದ್ದರೆ ಹೇಳಬೇಕಾಗಿದ್ದ ನಿಜ ದೆವ್ವಕ್ಕಿಂತ ಕಷ್ಟದ್ದು.

ಮೂರನೆಯ ದಿನ ಸಂಜೆ ಶಾಲೆ, ಕಚೇರಿ ಮುಗಿಸಿಕೊಂಡು ಇಬ್ಬರೂ ಶಹಾಪುರದಿಂದ ನೇರ ಯಾದಗಿರಿ ಬಸ್ಸು ಹತ್ತಿ ಬಂದರು. ಆ ಹೊತ್ತಿಗೆ ನನ್ನ ಹೊಟ್ಟೆ ಡೊಳ್ಳಿನಂತೆ ಬಿಗಿದಿತ್ತು. ಡಾಕ್ಟರಮ್ಮನ ಮುಖವೂ ಸ್ವಲ್ಪ ಬಿಗಿದಿತ್ತು. ಎಬ್ಬಿಸಿ ಅಡ್ಡಾಡಿಸಿ ಎಂದಿದ್ದರು. ಶಹನಾಜ್ ಒಂದು ತೋಳು, ಗಂಗಮ್ಮ ಒಂದು ತೋಳು ಹಿಡಿದರು. ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದುಕೊಂಡು ನಾನು ಕಾರಿಡಾರಿನಲ್ಲಿ ಹೆಜ್ಜೆ ಇಟ್ಟೆ. ಕೆಮ್ಮಿದರೆ, ಸೀನಿದರೆ, ಎಲ್ಲಕ್ಕಿಂತ ಹೆಚ್ಚಾಗಿ ನಕ್ಕರೆ, ಹೊಲಿಗೆ ಹರಿದೇ ಹೋಯಿತು ಅನ್ನಿಸುವಂಥ ನೋವು. ಅದಕ್ಕೇ ಮೊದಲೇ ಕರಾರು ಹಾಕಿದ್ದೆ: ಯಾರೂ ನಗಿಸಬಾರದು.

ಶಹನಾಜ್ ಒಪ್ಪಿದಳು. ಐದು ನಿಮಿಷ ಸುಮ್ಮನಿದ್ದಳು. ಆ ಐದು ನಿಮಿಷದ ಮೌನವೇ ನನಗೆ ನಗು ತರಿಸತೊಡಗಿತು. ಆಮೇಲೆ ಗಂಗಮ್ಮ, ಮುಖದ ಗೆರೆ ಕದಲದಂತೆ, ತಗ್ಗಿದ ದನಿಯಲ್ಲಿ ಹೇಳಿದಳು.

"ಮಕ್ಕಳಿಗೆ ಹದಿನೇಳು ವರ್ಷ ಮಾರುತದ ಪಾಠ ಹೇಳಿದಿ. ಯಾವ ದಿಕ್ಕಿಂದ ಬೀಸ್ತದ, ಯಾವಾಗ ಬೀಸ್ತದ, ಎಲ್ಲಾ ನಕಾಶಿ ಬಿಡಿಸಿದಿ. ಈಗ ನಿನಗ ಒಂದು ಬೀಸವಲ್ದು."

ಶಹನಾಜ್ ತಡೆಯಲಾರದೆ ಗೋಡೆಗೆ ಹಣೆ ಹಚ್ಚಿ ನಿಂತಳು. ಆಕೆಯ ಭುಜಗಳು ಕುಣಿಯುತ್ತಿದ್ದವು. "ಹವಾಮಾನ ಇಲಾಖಿಗೆ ಒಂದು ಅರ್ಜಿ ಕೊಡೂಣೇನ್ ಗಂಗಕ್ಕ?" ಅಂದಳು. ನನಗೆ ನಗು ಬಂತು. ದಿಂಬು ಒತ್ತಿದೆ, ಕಣ್ಣಲ್ಲಿ ನೀರು ಬಂತು, "ಸಾಯ್ತೀನಿ, ಬಾಯಿ ಮುಚ್ರಿ," ಎಂದು ಬೇಡಿಕೊಂಡೆ. ನಗು ನಿಲ್ಲಲಿಲ್ಲ. ಆ ನಗುವಿನ ನಡುವೆ, ನೋವಿನ ನಡುವೆ, ಯಾದಗಿರಿಯ ಆ ಕಾರಿಡಾರಿನಲ್ಲಿ, ಅದು ಹೋಯಿತು.

ಸಣ್ಣದೇನಲ್ಲ. ಅರವತ್ತು ಮಕ್ಕಳ ತರಗತಿಯಾಗಿದ್ದರೆ ಅರ್ಧ ದಿನ ಪಾಠ ನಿಲ್ಲುತ್ತಿತ್ತು.

ನನ್ನ ತಲೆ ತಗ್ಗಿತು. ಐವತ್ತೆರಡು ವರ್ಷದ ಮರ್ಯಾದೆ ಒಮ್ಮೆಗೇ ಬಿಟ್ಟುಹೋಗುವುದಿಲ್ಲ. ಶಹನಾಜ್ ಮಾತ್ರ ನನ್ನ ತೋಳು ಬಿಟ್ಟು ವಾರ್ಡಿನ ಬಾಗಿಲಿಗೆ ಓಡಿದಳು. "ಹೋತ್ರೀ, ಹೋತು. ಟೀಚರ್ದು ಗಾಳಿ ಹೋತು," ಎಂದು ಈದ್ ಚಂದ್ರ ಕಂಡವಳ ಹಾಗೆ ಎಲ್ಲರಿಗೂ ಖಬರು ಮುಟ್ಟಿಸಿದಳು. ಒಳಗಿನಿಂದ ಮಲ್ಲಮ್ಮನ ದನಿ ಬಂತು: "ಮೌನೇಶಪ್ಪ ದೊಡ್ಡಾಂವ." ನರ್ಸ್ ಕಾಗದದಲ್ಲಿ ಸಮಯ ಬರೆದುಕೊಂಡಳು. ನನ್ನ ಜೀವನದಲ್ಲಿ ನಿಮಿಷ ಸಮೇತ ಸರ್ಕಾರಿ ಶಿಸ್ತಿನಲ್ಲಿ ದಾಖಲಾದ ಸಾಧನೆ ಅದೊಂದೇ. ಗಂಡ ಎಲ್ಲಿಂದಲೋ ಓಡಿ ಬಂದು ಚಮಚದಲ್ಲಿ ನೀರು ಹಿಡಿದರು. ಅವಸರಕ್ಕೆ ಅರ್ಧ ಗದ್ದಕ್ಕೆ ಬಿತ್ತು. ಉಳಿದರ್ಧ ಗಂಟಲಲ್ಲಿ ಇಳಿಯಿತು. ಹಬ್ಬದ ಊಟಗಳನ್ನೆಲ್ಲ ಮರೆತೇನು, ಆ ಅರ್ಧ ಚಮಚ ನೀರನ್ನು ಮರೆಯಲಾರೆ.

ಏಳನೆಯ ದಿನ ಮನೆಗೆ ಬಂದೆ. ಹೊಟ್ಟೆಗೆ ಬೆಲ್ಟು ಕಟ್ಟಬೇಕಿತ್ತು. ಗಂಡ ಅದನ್ನು ಅಂಗಡಿಯಲ್ಲಿ ಬಟ್ಟೆಯ ಥಾನು ಸುತ್ತುವ ನಾಜೂಕಿನಿಂದ ಸುತ್ತಿ, ಅಂಚು ಸರಿಮಾಡಿ, ಹಿಂದೆ ಸರಿದು ನಿಂತು ನೋಡುತ್ತಿದ್ದರು. ಗಿರಾಕಿಗೆ ಒಪ್ಪಿಗೆಯಾಯಿತೇ ಎಂಬಂತೆ. ನೋಡಲು ಬಂದವರೆಲ್ಲ ಸಲಹೆ ತಂದರು. ಒಬ್ಬರು ಮೊಸರು ಮುಟ್ಟಲೇಬಾರದು ಎಂದರು, ಇನ್ನೊಬ್ಬರು ಮೊಸರಿನಲ್ಲೇ ಬದುಕು ಎಂದರು. ನನಗೆ ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ಇಷ್ಟು ವರ್ಷ ಯಾರ ಮನೆಗೆ ರೋಗಿಯನ್ನು ನೋಡಲು ಹೋದರೂ ಎರಡು ತಾಸು ಕೂತು, ಡಾಕ್ಟರು ಹೇಳಿದ್ದನ್ನು ತಿದ್ದಿ ಬಂದವಳು ನಾನೇ. ಆ ಮನೆಗಳಿಗೆಲ್ಲ ಕ್ಷಮೆ ಕೇಳಿ ಚೀಟಿ ಕಳಿಸಬೇಕು ಅನ್ನಿಸಿತು.

ಸಂಜೆ ಬಸ್ಸಿಳಿದು ಗೆಳತಿಯರು ಬರುತ್ತಿದ್ದರು. ಒಬ್ಬಳು ಖಿಚಡಿ, ಒಬ್ಬಳು ಜೋಳದ ಅಂಬಲಿ. ಬಸ್ಸಿನ ಸುದ್ದಿ, ಕಚೇರಿಯ ಸುದ್ದಿ, ಊರಿನ ಸುದ್ದಿ ಎಲ್ಲ ಆಗುತ್ತಿತ್ತು. ಒಂದೇ ಒಂದು ಸುದ್ದಿ ಬಿಟ್ಟು. ಪರೀಕ್ಷೆಗೆ ಹೋದ ಗಡ್ಡೆಯ ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಅವರು ಎದ್ದು ಹೋದ ಮೇಲೆ ನಾನೂ ಗಂಡನೂ ಟಿ.ವಿ. ಹಚ್ಚಿ, ಇಬ್ಬರೂ ನೋಡದೆ ಕೂರುತ್ತಿದ್ದೆವು.

ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಫೋನ್ ಬಂತು: ರಿಪೋರ್ಟ್ ತಯಾರಿದೆ. ಗಂಡ ಅಂಗಿ ತೊಟ್ಟುಕೊಂಡರು. ಬೆಳಗಿನ ಬಸ್ಸಿಗೆ ಹೊರಟು ನಮ್ಮ ಮನೆಗೆ ಹಣಿಕಿದ್ದ ಗಂಗಮ್ಮ ತಡೆದಳು. "ನೀವು ಬ್ಯಾಡ್ರಿ ಅಣ್ಣಾರ. ಹಾದ್ಯಾಗ ಬಿಚ್ಚಿ ನೋಡಿ ಅಲ್ಲೇ ಕುಂತ್ ಬಿಡ್ತೀರಿ. ನಾ ಹೋಗ್ತೀನಿ," ಎಂದು ರಜೆ ಹಾಕಿ ಯಾದಗಿರಿಗೆ ಹೋದಳು. ಅಲ್ಲಿ ಡಾಕ್ಟರಮ್ಮ ಆಪರೇಷನ್ನಿನಲ್ಲಿದ್ದರಂತೆ. ಕೌಂಟರಿನಲ್ಲಿ ಅಂಟಿಸಿದ ಲಕೋಟೆ ಕೈಗಿಟ್ಟು, ನಾಳೆ ತೋರಿಸಿ ಎಂದರಂತೆ. ನಮ್ಮ ಗಂಗಮ್ಮ ಆ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಭೀಮಾ ಹೊಳೆ ದಾಟಿದಳು, ಒಡೆಯಲಿಲ್ಲ. ಶಹಾಪುರದಲ್ಲಿ ಶಹನಾಜ್ ಹತ್ತಿದಳು. ಇಬ್ಬರೂ ಸುರಪುರದವರೆಗೆ ಆ ಲಕೋಟೆಯ ಎರಡು ಬದಿ ಕೂತು ಬಂದರು. ಒಡೆಯಲಿಲ್ಲ.

"ಯಾಕ ನೋಡಲಿಲ್ಲ?" ಎಂದು ಕೇಳಿದೆ.

"ನಿನ್ನ ಹೆಸರಿಗೆ ಬಂದ ಲಕೋಟಿ ನಾ ಹ್ಯಾಂಗ ಒಡೀಲಿ," ಅಂದಳು ಗಂಗಮ್ಮ. ಅದು ಗುಮಾಸ್ತೆಯ ಮಾತು. ಆಕೆಯ ಮುಖ ಬೇರೆ ಹೇಳುತ್ತಿತ್ತು.

ನಾನು ಒಡೆದೆ. ಮೂರು ಹಾಳೆ ಇಂಗ್ಲಿಷು, ಸಣ್ಣ ಅಕ್ಷರ. ಶಹನಾಜ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಕೊನೆಯ ಹಾಳೆಯ ಕೊನೆಯ ಸಾಲಿನ ಮೊದಲಿಗೇ, ಯಾರೂ ಹೆಸರೆತ್ತದ ಆ ರೋಗದ ಇಂಗ್ಲಿಷ್ ಶಬ್ದ ಇತ್ತು: ಮ್ಯಾಲಿಗ್ನೆನ್ಸಿ. ಇಬ್ಬರ ಕಣ್ಣಿಗೂ ಒಟ್ಟಿಗೇ ಬಿತ್ತು. ಶಹನಾಜ್, "ಯಾ ಅಲ್ಲಾ," ಎಂದು ನನ್ನ ಹೆಗಲಿಗೇ ಮುಖವಿಟ್ಟು ಅಳತೊಡಗಿದಳು. ನನಗೆ ಅಳು ಬರಲಿಲ್ಲ. ಮಗಳಿಗೆ ಹೇಗೆ ಹೇಳಲಿ ಎಂಬುದೊಂದೇ ಬಂತು. ಗಂಗಮ್ಮ ನನ್ನ ಕೈಯಿಂದ ಹಾಳೆ ತೆಗೆದುಕೊಂಡಳು. ಮೂವತ್ತು ವರ್ಷ ಸರ್ಕಾರಿ ಆದೇಶ ಓದಿದವಳು. ಯಾವ ವಾಕ್ಯವೂ ಮೇಲಿನ ಸಾಲಿನಿಂದ ಶುರುವಾಗಿರುತ್ತದೆಂದು ಆಕೆಗೆ ಗೊತ್ತು. ಬೆರಳಿಟ್ಟು ಹಿಂದಿನ ಸಾಲಿನ ತುದಿಗೆ ಹೋದಳು.

"ನೋ ಎವಿಡೆನ್ಸ್ ಆಫ್," ಎಂದು ನಿಧಾನ ಓದಿದಳು. ಆಮೇಲೆ ಇನ್ನೊಮ್ಮೆ ಓದಿದಳು. "ಇಲ್ಲ ಅಂತ ಬರದಾರ, ಮಾದೇವಿ. ಇಲ್ಲ ಅಂತ."

ಆಗ ನನಗೆ ಅಳು ಬಂತು. ಗಂಗಮ್ಮನಿಗೂ ಬಂತು, ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸರಿಯಾಗಿ ಆ ಗಳಿಗೆಗೆ ಗಂಡ ಅಂಗಡಿ ಮುಚ್ಚಿ ಬಾಗಿಲಿಗೆ ಬಂದರು. ಮೂವರು ಹೆಂಗಸರು ಅಳುತ್ತಿರುವುದನ್ನು, ನಡುವೆ ಬಿಚ್ಚಿದ ಲಕೋಟೆಯನ್ನು ನೋಡಿದರು. ಹೊಸ್ತಿಲ ಮೇಲೇ ಕೂತುಬಿಟ್ಟರು. ಕೊನೆಗೆ ಶಹನಾಜ್ ದುಪ್ಪಟ್ಟಾದಿಂದ ಮೂಗು ಒರೆಸಿಕೊಂಡು, "ಏನೂ ಇಲ್ರಿ ಭಾಯಿಸಾಬ್. ಎಲ್ಲಾ ಸಾಫ್ ಅದ," ಅಂದಳು.

ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, ಮೂವತ್ತು ವರ್ಷದಲ್ಲಿ ನಾನು ಕೇಳದಷ್ಟು ದೊಡ್ಡ ದನಿಯಲ್ಲಿ, "ಮತ್ತ ಅಳಾಕತ್ತೀರಲ್ಲ, ನಿಮಗ ಬುದ್ಧಿ ಅದ ಏನು? ನನ್ನ ಜೀವಾನ ಹೋಗಿತ್ತು," ಎಂದು ಬೈದರು. ಬೈಯುತ್ತಲೇ ಕಣ್ಣೊರೆಸಿಕೊಂಡರು.

ಗಂಗಮ್ಮನೂ ಚೇತರಿಸಿಕೊಂಡಳು. "ನಿನ್ನ ಸಲುವಾಗಿ ಒಂದು ಸಿ.ಎಲ್. ಹಾಳಾತು," ಅಂದಳು. "ಆರು ತಿಂಗಳು ಅಜವಾನ ತಿಂದಿ, ಅಕಲ್ ಎಲ್ಲಿಟ್ಟಿದ್ದಿ?" ಎಂದು ಶಹನಾಜ್ ಸೇರಿಸಿದಳು. ರಾಯಚೂರಿಗೆ ಫೋನ್ ಹಚ್ಚಿ ಮಗಳಿಗೆ ಎಲ್ಲ ನಿಜ ಹೇಳಿದೆ. ಆಕೆ ಮೊದಲು ಅತ್ತಳು, ಆಮೇಲೆ ಶುರುಮಾಡಿದಳು. "ಹಲ್ಲು ಕೀಳಿಸಿದಂಗ ಅಂದಿದ್ದಿ. ನಾ ಏನು ಸಣ್ಣ ಕೂಸೇನು? ಇನ್ನೊಮ್ಮೆ ನನಗ ಸುಳ್ಳು ಹೇಳಿ ನೋಡು," ಎಂದು, ಉಸಿರು ತೆಗೆದುಕೊಳ್ಳಲಷ್ಟೇ ನಿಲ್ಲಿಸಿ, ಬೈಯುತ್ತ ಹೋದಳು.

ಒಂದು ತಿಂಗಳಿಂದ ಎಲ್ಲರೂ ನನ್ನೊಂದಿಗೆ ಸಕ್ಕರೆಯಂತೆ ಮಾತಾಡುತ್ತಿದ್ದರು. ಅದು ಎಷ್ಟು ಭಯ ಹುಟ್ಟಿಸಿತ್ತೆಂದು ಆಗ ತಿಳಿಯಿತು. ಹೋಗುವವರನ್ನು ಯಾರೂ ಬೈಯುವುದಿಲ್ಲ. ಇಲ್ಲೇ ಇರುವವರನ್ನು, ನಾಳೆಯೂ ನಾಡಿದ್ದೂ ಇದೇ ತಪ್ಪು ಮಾಡುತ್ತ ಇರುವವರನ್ನು ಮಾತ್ರ ಬೈಯುತ್ತಾರೆ. ನಾನು ಫೋನನ್ನು ಕಿವಿಯಿಂದ ಇಳಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ, ಗೋಡೆಗೆ ಒರಗಿ ಕೂತೆ. ಬೈಯುವಷ್ಟು ಬೈಯಲಿ.